ರಸಮೇವಿನ ಗುಂಡಿಯ ಮೊದಲ ಮೂರು ದಿನ

ಬೆಳಗಾವಿ ಸೀಮೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಹಸಿರು ಸೊಪ್ಪನ್ನು ಹುಳಿ ಬರಿಸಿ ತಿನ್ನುವ ರೂಢಿ ಮನುಷ್ಯರಲ್ಲಿ ಹೆಚ್ಚುಕಡಿಮೆ ಇಲ್ಲ, ಎಮ್ಮೆಗಳಲ್ಲಿ ಇದೆ. ಮನೆಯೊಳಗೆ ಹುಳಿ ಬರುವುದು ಹಾಲು, ಜೋಳದ ಹಿಟ್ಟು, ಕೆಂಪು ಮೆಣಸಿನಕಾಯಿ. ಮೆಂತ್ಯೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಹಸಿಯಾಗಿಯೇ ರೊಟ್ಟಿಯ ಮಗ್ಗುಲಿಗೆ ಬಂದು ಕೂರುತ್ತವೆ. ಪಾಲಕ, ರಾಜಗಿರಿ ಅಂದೇ ಪಲ್ಲೆಯಾಗಿ ಅಂದೇ ತೀರುತ್ತವೆ. ಎಲೆಯನ್ನೂ ದಂಟನ್ನೂ ಕತ್ತರಿಸಿ, ತುಳಿದು, ಗಾಳಿ ಹೊರಡಿಸಿ, ವಾರಗಟ್ಟಲೆ ಹುಳಿಗೆ ಬಿಡುವ ಕೆಲಸ ನಡೆಯುವುದು ಕೊಟ್ಟಿಗೆಯ ಹಿಂದಿನ ರಸಮೇವಿನ ಗುಂಡಿಯಲ್ಲಿ ಮತ್ತು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ. ಚೀನಾದವರು ಜಾಡಿಯಲ್ಲಿ ಎಲೆಕೋಸಿಗೆ, ಕೊರಿಯಾದವರು ಕಿಮ್ಚಿಗೆ, ನೇಪಾಳ ಮತ್ತು ಸಿಕ್ಕಿಮಿನವರು ಸಾಸಿವೆ ಸೊಪ್ಪಿನ ಗುಂದ್ರುಕ್‌ಗೆ ಮಾಡುವುದನ್ನೇ ಇಲ್ಲಿಯ ರೈತರು ಗೋವಿನಜೋಳಕ್ಕೆ ಮಾಡುತ್ತಾರೆ. ಕೆಲಸಕ್ಕೆ ಇಳಿಯುವ ಸೂಕ್ಷ್ಮಜೀವಿಗಳೂ ಹೆಚ್ಚು ಕಡಿಮೆ ಅವೇ.

ಆದ್ದರಿಂದ ಹುಳಿ ಹಿಡಿದ ಆಹಾರದಲ್ಲಿ ನೈಟ್ರೇಟ್ ಮತ್ತು ನೈಟ್ರೈಟ್ ಏನಾಗುತ್ತವೆ ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಉತ್ತರ ಹುಡುಕಬೇಕಾದದ್ದು ಮೊದಲು ಗುಂಡಿಯಲ್ಲಿ, ಆಮೇಲೆ ಗಡಿಗೆಯಲ್ಲಿ.

ನೈಟ್ರೇಟ್ ಗುಂಡಿಗೆ ಬರುವ ದಾರಿ ಉದ್ದವಾಗಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯ 51 ಟಿಎಂಸಿ ನೀರು ಹಿಡಿಯುತ್ತದೆ. ಕೆಳಗೆ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು. ಕಾಲುವೆ ಬಂದಲ್ಲಿ ಕಬ್ಬು ಬಂತು, ಗೋವಿನಜೋಳ ಬಂತು, ಅವುಗಳ ಬೆನ್ನಿಗೆ ಯೂರಿಯಾ ಚೀಲಗಳು ಬಂದವು. ನೀರಾವರಿ ಕಬ್ಬಿಗೆ ಹೆಕ್ಟೇರಿಗೆ 250 ಕಿಲೋ ಆಸುಪಾಸಿನ ಸಾರಜನಕವನ್ನು ಕೃಷಿ ತಜ್ಞರೇ ಶಿಫಾರಸು ಮಾಡುತ್ತಾರೆ. ಅದಕ್ಕಿಂತ ಒಂದೆರಡು ಚೀಲ ಹೆಚ್ಚು ಚೆಲ್ಲುವ ಕೈಗಳಿಗೆ ಊರೂರಲ್ಲೂ ಕೊರತೆಯಿಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳು ಆ ಯೂರಿಯಾವನ್ನು ಅಮೋನಿಯ ಮಾಡಿ, ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದಿಲ್ಲ. ನೀರು ಹೋದಲ್ಲಿಗೆ ಹೋಗುತ್ತದೆ: ಒಂದು ಪಾಲು ಬೇರಿಗೆ, ಒಂದು ಪಾಲು ಬಾವಿಗೆ.

ಗಿಡಕ್ಕೆ ನೈಟ್ರೇಟ್ ಆಹಾರ. ಬಿಸಿಲಿದ್ದಾಗ ಎಲೆ ಅದನ್ನು ಒಡೆದು ಪ್ರೋಟೀನು ಕಟ್ಟಿಕೊಳ್ಳುತ್ತದೆ. ಮೋಡ ಕವಿದ ದಿನಗಳಲ್ಲಿ ಒಡೆಯುವ ಕೆಲಸ ಕುಂಟುತ್ತದೆ, ಹೀರುವ ಕೆಲಸ ನಿಲ್ಲುವುದಿಲ್ಲ. ಬರ ಬಿದ್ದು ಸೊರಗಿದ ಬೆಳೆಗೆ ಒಂದು ಮಳೆ ಬಿದ್ದರಂತೂ ಮಣ್ಣಲ್ಲಿ ಕೂಡಿಬಿದ್ದದ್ದೆಲ್ಲ ಒಮ್ಮೆಗೇ ಮೇಲೇರುತ್ತದೆ. ಹೆಚ್ಚು ತುಂಬಿಕೊಳ್ಳುವುದು ದಂಟಿನ ಬುಡದ ಒಂದು ಗೇಣಿನಲ್ಲಿ. ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಜೋಳದ ಗಿಡದ ತೆನೆ ಮನುಷ್ಯನಿಗೆ, ದಂಟು ದನಕ್ಕೆ ಎಂದು ಹಂಚಿಕೆಯಾದಾಗ ನೈಟ್ರೇಟ್ ಪೂರ್ತಿಯಾಗಿ ದನದ ಪಾಲಿಗೆ ಬೀಳುತ್ತದೆ.

ದನಕ್ಕೆ ಇದು ಕೆಡುಕೆಂದು ಮೊದಲು ಬರೆದಿಟ್ಟವರಲ್ಲಿ ಅಮೆರಿಕದ ಕಾನ್ಸಾಸ್‌ನ ಪಶುವೈದ್ಯ ಮೇಯೋ ಒಬ್ಬರು. ಗೋವಿನಜೋಳದ ದಂಟು ತಿಂದು ಸತ್ತ ದನಗಳನ್ನು ಪರಿಶೀಲಿಸಿ, ಆ ದಂಟಿನಲ್ಲಿ ಪೆಟ್ಲುಪ್ಪು ಅಂದರೆ ಪೊಟ್ಯಾಸಿಯಂ ನೈಟ್ರೇಟ್ ತುಂಬಿದೆ ಎಂದು ಅವರು 1895ರಲ್ಲಿ ವರದಿ ಮಾಡಿದರು. ನಿಜವಾದ ಅಪರಾಧಿ ನೈಟ್ರೇಟ್ ಅಲ್ಲ, ಅದರಿಂದ ಒಂದು ಆಮ್ಲಜನಕ ಕಳಚಿದಾಗ ಉಳಿಯುವ ನೈಟ್ರೈಟ್ ಎಂಬುದು ಖಚಿತವಾಗಲು ಇನ್ನೂ ಕೆಲವು ದಶಕಗಳು ಹಿಡಿದವು. ದನದ ಮೊದಲ ಹೊಟ್ಟೆಯಾದ ರುಮೆನ್‌ನಲ್ಲಿರುವ ಸೂಕ್ಷ್ಮಜೀವಿಗಳು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ಅಮೋನಿಯ ಮಾಡಿ ಬಳಸಿಕೊಳ್ಳುತ್ತವೆ. ಮೊದಲ ಹೆಜ್ಜೆ ಬಿರುಸು, ಎರಡನೆಯದು ನಿಧಾನ. ನಡುವೆ ಮಿಕ್ಕಿದ ನೈಟ್ರೈಟ್ ರಕ್ತಕ್ಕಿಳಿದು ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ಕೆಡಿಸುತ್ತದೆ. ಆಗ ರಕ್ತ ಆಮ್ಲಜನಕ ಹೊರಲಾರದೆ ಕಾಫಿ ಬಣ್ಣಕ್ಕೆ ತಿರುಗುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕೊಯ್ದ ಜೋಳದ ಕೂಳೆ ಚಿಗುರು ಮೇಯ್ದು ದನ ಸಾಯುವುದು ಹಳ್ಳಿಗರಿಗೆ ಹೊಸ ಸುದ್ದಿಯಲ್ಲ. ಅದು ಸಯನೈಡ್ ವಿಷ, ಬೇರೆಯೇ ಸಂಗತಿ. ಅಲ್ಲಿ ರಕ್ತ ಕಡುಗೆಂಪಾಗಿಯೇ ಇರುತ್ತದೆ. ವಿಚಿತ್ರವೆಂದರೆ ಆ ಸಯನೈಡ್ ವಿಷಕ್ಕೆ ಪಶುವೈದ್ಯರು ಸೂಜಿಯಲ್ಲಿ ಕೊಡುವ ಮದ್ದುಗಳಲ್ಲಿ ಸೋಡಿಯಂ ನೈಟ್ರೈಟ್ ಒಂದು. ನೈಟ್ರೈಟ್ ಕೆಡಿಸಿದ ಹಿಮೋಗ್ಲೋಬಿನ್ ಸಯನೈಡನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ. ನೈಟ್ರೈಟ್ ವಿಷವೇ ಏರಿದ್ದರೆ ಮದ್ದು ಮೆಥಿಲಿನ್ ಬ್ಲೂ. ರಕ್ತದ ಬಣ್ಣ ನೋಡದೆ ಸೂಜಿ ಹಾಕಿದರೆ ಮದ್ದೇ ಕೊಲ್ಲಬಹುದು.

ಇನ್ನು ಗುಂಡಿಯ ಮಾತು. ಹಾಲುಗಾಳಿನ ಹದ ದಾಟಿ ಗಟ್ಟಿಯಾಗತೊಡಗಿದ ಗೋವಿನಜೋಳವನ್ನು ಕೊಯ್ದು, ಬೆರಳ ಗಿಣ್ಣಿನಷ್ಟು ಸಣ್ಣಗೆ ಕತ್ತರಿಸಿ, ಪದರ ಪದರವಾಗಿ ತುಂಬಿ ಟ್ರ್ಯಾಕ್ಟರ್ ಹತ್ತಿಸಿ ಅದುಮುತ್ತಾರೆ. ಮೇಲೆ ಪ್ಲಾಸ್ಟಿಕ್ ಹಾಸಿ, ಮಣ್ಣು ಹೇರಿ ಮುಚ್ಚುತ್ತಾರೆ. ಬೆಲ್ಲದ ನೀರನ್ನೋ ಕಾಕಂಬಿಯನ್ನೋ ಚಿಮುಕಿಸುವುದುಂಟು. ಸಕ್ಕರೆ ಕಾರ್ಖಾನೆಗಳ ನಾಡಿನಲ್ಲಿ ಇದಕ್ಕೆ ಪರದಾಡಬೇಕಿಲ್ಲ. ಮುಚ್ಚಿದ ಕೆಲವು ಗಂಟೆಗಳಲ್ಲೇ ಒಳಗಿನ ಆಮ್ಲಜನಕ ತೀರುತ್ತದೆ. ಆಗ ಪೈಪೋಟಿ ಶುರು.

ಆರಂಭದಲ್ಲಿ ಬಲ ಹೆಚ್ಚಿರುವುದು ಎಂಟೆರೊಬ್ಯಾಕ್ಟೀರಿಯಾ ಎಂಬ ಬಳಗಕ್ಕೆ, ಕರುಳಲ್ಲಿರುವ ಇ. ಕೋಲಿಯ ಬಂಧುಗಳು ಇವು. ಹಸಿಮೇವಿನ ಮೇಲೆ ಇವುಗಳ ಎಣಿಕೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಗಿಂತ ಹೆಚ್ಚಾಗಿರುವುದೇ ವಾಡಿಕೆ. ಗಾಳಿಯಿಲ್ಲದಲ್ಲಿ ಇವು ಆಮ್ಲಜನಕದ ಬದಲಿಗೆ ನೈಟ್ರೇಟನ್ನು ಹಿಡಿದು ಉಸಿರಾಡಬಲ್ಲವು; ಹಾಗೆ ಉಸಿರಾಡಿ ಬಿಟ್ಟದ್ದೇ ನೈಟ್ರೈಟ್. ಸಂತೆಯ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಂತೆ ಇವು ಮೊದಲು ಬಂದು ಕೂತಿರುತ್ತವೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ತಡವಾಗಿ ಹತ್ತುತ್ತವೆ, ಆದರೆ ಅವು ಹತ್ತಿದ ಮೇಲೆ ಬೇರೆಯವರಿಗೆ ಬಸ್ಸಿನಲ್ಲಿ ನಿಲ್ಲಲಾಗುವುದಿಲ್ಲ. ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತ ಅವು ಮೇವಿನ ಪಿಎಚ್ ಅನ್ನು 6ರ ಆಸುಪಾಸಿನಿಂದ 4ರ ಕಡೆಗೆ ಇಳಿಸುತ್ತವೆ. 4.5 ದಾಟಿ ಕೆಳಗಿಳಿದಾಗ ಎಂಟೆರೊಬ್ಯಾಕ್ಟೀರಿಯಾಗಳ ಆಟ ಮುಗಿದಂತೆ. ಒಳ್ಳೆಯ ಗುಂಡಿಯಲ್ಲಿ ಇದಕ್ಕೆ ಬೇಕಾಗುವುದು ಮೂರ್ನಾಲ್ಕು ದಿನ. ಸರಿಯಾಗಿ ಅದುಮದೆ ಗಾಳಿ ಉಳಿದ, ಒದ್ದೆ ಹೆಚ್ಚಾದ ಗುಂಡಿಯಲ್ಲಿ ವಾರಗಳೇ ಹಿಡಿಯಬಹುದು.

ಹುಳಿ ಬರಿಸಿದರೆ ವಿಷವೆಲ್ಲ ಸತ್ತುಹೋಗುತ್ತದೆ ಎಂಬ ನಂಬಿಕೆ ಅರ್ಧ ನಿಜ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲಿನವು ನೈಟ್ರೇಟಿನ ತಂಟೆಗೇ ಹೋಗುವುದಿಲ್ಲ. ಅವುಗಳ ಬಾಳು ಸಕ್ಕರೆಯ ಮೇಲೆ ನಡೆಯುತ್ತದೆ, ಉಸಿರಾಟದ ಮೇಲಲ್ಲ. ಇದಕ್ಕೆ ಹೊರತಾದ ಒಂದು ಹೆಸರುವಾಸಿ ಜೀವಿ ಇದೆ: ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಂ. ಅಂಬಲಿ, ಉಪ್ಪಿನಕಾಯಿ, ಕಿಮ್ಚಿ, ರಸಮೇವು ಎಲ್ಲದರಲ್ಲೂ ಹಾಜರಿರುವ ಇದಕ್ಕೆ ವಿಜ್ಞಾನಿಗಳು 2020ರಲ್ಲಿ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಂ ಎಂದು ಮರುನಾಮಕರಣ ಮಾಡಿದರು. ನಾಲಿಗೆಯ ಮೇಲೆ ಅವರಿಗೆ ಕರುಣೆ ಇದ್ದಂತಿಲ್ಲ. ಮನುಷ್ಯನ ಜೊಲ್ಲಿನಿಂದ ಬೇರ್ಪಡಿಸಿದ ಇದರ ಒಂದು ತಳಿಯ ಇಡೀ ಜೀನೋಮನ್ನು ನೆದರ್ಲೆಂಡ್ಸ್‌ನ ತಂಡ 2003ರಲ್ಲಿ ಓದಿ ಮುಗಿಸಿತು. ಅದರಲ್ಲಿ ನೈಟ್ರೇಟ್ ಒಡೆಯುವ ಕಿಣ್ವದ ಜೀನುಗಳು ಸಿಕ್ಕವು.

ಆದರೆ ಜೀನು ಇದ್ದ ಮಾತ್ರಕ್ಕೆ ಕೆಲಸ ನಡೆಯದು. ಆ ಕಿಣ್ವ ದುಡಿಯಲು ಹೀಮ್ ಎಂಬ ಕಬ್ಬಿಣದ ಅಣು ಬೇಕು, ಕೆ2 ಜೀವಸತ್ವ ಬೇಕು. ಎರಡನ್ನೂ ಈ ಬ್ಯಾಕ್ಟೀರಿಯ ತಾನೇ ತಯಾರಿಸಲಾರದು. ಹೊರಗಿನಿಂದ ಎರಡನ್ನೂ ಒದಗಿಸಿದಾಗ ಅದು ನೈಟ್ರೇಟ್ ಮೇಲೆ ಉಸಿರಾಡಿದ್ದನ್ನು ಅದೇ ದೇಶದ ಸಂಶೋಧಕರು 2009ರಲ್ಲಿ ತೋರಿಸಿದರು. ಮಾಂಸದಲ್ಲಿ ಹೀಮ್ ಯಥೇಚ್ಛ. ಜೋಳದ ಹಿಟ್ಟಿನಲ್ಲಿ ಅಷ್ಟಿಲ್ಲ.

ನೈಟ್ರೈಟಿನ ವಿಷಯದಲ್ಲಿ ಮಾತ್ರ ಈ ಬಳಗ ಚುರುಕು. ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ಹಾಮ್ಮೆಸ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ಎರಡು ಬಗೆಯಲ್ಲಿ ಒಡೆಯುತ್ತವೆಂದು ಕಂಡುಬಂತು. ಹೀಮ್ ಸಿಕ್ಕಿದರೆ ಕೆಲವು ತಳಿಗಳು ಅದನ್ನು ಅಮೋನಿಯವಾಗಿಸುತ್ತವೆ. ಹೀಮ್ ಇಲ್ಲದೆಯೂ ಕೆಲಸ ಮಾಡುವ ತಳಿಗಳಲ್ಲಿ ಹೊರಬೀಳುವುದು ನೈಟ್ರಿಕ್ ಆಕ್ಸೈಡ್ ಮತ್ತು ನೈಟ್ರಸ್ ಆಕ್ಸೈಡ್ ಅನಿಲಗಳು. ಇದು ಜೀವಿಯ ಕೆಲಸ. ಹುಳಿ ಇನ್ನೂ ಹದವಾಗಿರುವಾಗ ನಡೆಯುವಂಥದ್ದು. ಪಿಎಚ್ 4.5ಕ್ಕಿಂತ ಕೆಳಗಿಳಿದಂತೆ ಬರೀ ರಸಾಯನ ವಿಜ್ಞಾನ ಕೆಲಸ ಕೈಗೆತ್ತಿಕೊಳ್ಳುತ್ತದೆ. ಆಮ್ಲದಲ್ಲಿ ನೈಟ್ರೈಟ್ ನೈಟ್ರಸ್ ಆಮ್ಲವಾಗುತ್ತದೆ, ಅದು ತಾನಾಗಿಯೇ ಒಡೆಯುತ್ತದೆ. ಮೂರು ಅಣು ಒಡೆದರೆ ಎರಡು ಅಣು ನೈಟ್ರಿಕ್ ಆಕ್ಸೈಡ್, ಒಂದು ಅಣು ನೈಟ್ರಿಕ್ ಆಮ್ಲ, ಮತ್ತೆ ನೀರು. ಆ ನೈಟ್ರಿಕ್ ಆಮ್ಲವೆಂದರೆ ಪುನಃ ನೈಟ್ರೇಟ್! ಒಂದು ಪಾಲು ಬಂದ ದಾರಿಗೇ ಮರಳುತ್ತದೆ.

ಆದ್ದರಿಂದ ಗುಂಡಿ ತೆರೆದಾಗ ನೈಟ್ರೈಟ್ ಹೆಚ್ಚುಕಡಿಮೆ ಮಾಯವಾಗಿರುತ್ತದೆ, ನೈಟ್ರೇಟ್ ಪೂರ್ತಿ ಹೋಗಿರುವುದಿಲ್ಲ. ಚೆನ್ನಾಗಿ ಹದಗೊಂಡ ರಸಮೇವಿನಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧಕ್ಕಿಂತ ತುಸು ಹೆಚ್ಚಿನವರೆಗೆ ಇಳಿಯುವುದು ವಾಡಿಕೆ. ಇಲ್ಲೊಂದು ಇಕ್ಕಟ್ಟು ಅಡಗಿದೆ. ಹುಳಿ ಬಹಳ ಬೇಗ ಏರಿದರೆ ನೈಟ್ರೇಟ್ ಒಡೆಯಬೇಕಾದ ಎಂಟೆರೊಬ್ಯಾಕ್ಟೀರಿಯಾಗಳೇ ಸತ್ತು, ನೈಟ್ರೇಟ್ ಹೆಚ್ಚು ಉಳಿಯುತ್ತದೆ. ಮೇವು ಮಾತ್ರ ಉತ್ತಮವಾಗಿರುತ್ತದೆ. ಹುಳಿ ತಡವಾದರೆ ನೈಟ್ರೇಟ್ ಹೆಚ್ಚು ಕರಗುತ್ತದೆ, ಆದರೆ ಪ್ರೋಟೀನು ಕೊಳೆತು ಮೇವು ನಾರುತ್ತದೆ. ಎರಡನ್ನೂ ಒಟ್ಟಿಗೆ ಬಯಸುವಂತಿಲ್ಲ. ಹೀಗಾಗಿ ಜಾಣ ರೈತರು ನೈಟ್ರೇಟನ್ನು ಗುಂಡಿಯ ಹೊರಗೇ ಕಡಿಮೆ ಮಾಡುತ್ತಾರೆ: ಬುಡದಿಂದ ಒಂದು ಗೇಣು ಬಿಟ್ಟು ಕೊಯ್ಯುವುದು, ಬರದ ನಂತರ ಮಳೆ ಬಿದ್ದರೆ ವಾರ ಕಾಯುವುದು, ಮೋಡದ ದಿನ ಕುಡುಗೋಲು ಎತ್ತದಿರುವುದು. ಒಣ ತೂಕದ ಲೆಕ್ಕದಲ್ಲಿ ನೈಟ್ರೇಟ್ ಶೇ 0.5ರೊಳಗಿದ್ದರೆ ಭಯವಿಲ್ಲ, ಶೇ 1ರ ಸಮೀಪ ಬಂದರೆ ಗಬ್ಬದ ದನಕ್ಕೆ ಹಾಕದಿರುವುದು ಲೇಸು, ಉಳಿದವಕ್ಕೂ ಕಣಿಕೆಯೊಡನೆ ಬೆರೆಸಿ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಬೇಕು. ಹಿಂಡಿ, ನುಚ್ಚು ಕೊಟ್ಟಾಗ ರುಮೆನ್‌ನಲ್ಲಿ ಎರಡನೇ ಹೆಜ್ಜೆಯೂ ಚುರುಕಾಗುತ್ತದೆ.

ನಡುವೆ ಹುಟ್ಟುವ ಆ ನೈಟ್ರೈಟ್ ಬರೀ ಕಂಟಕವೇ? ಅಲ್ಲ. ರಸಮೇವಿನ ದೊಡ್ಡ ಶತ್ರು ಕ್ಲಾಸ್ಟ್ರಿಡಿಯಂ ಎಂಬ ಬೀಜಕ ಕಟ್ಟುವ ಬ್ಯಾಕ್ಟೀರಿಯ. ಅದು ಲ್ಯಾಕ್ಟಿಕ್ ಆಮ್ಲವನ್ನೇ ತಿಂದು ಬ್ಯುಟಿರಿಕ್ ಆಮ್ಲ ಮಾಡಿ ಇಡೀ ಗುಂಡಿಯನ್ನು ಗಬ್ಬೆಬ್ಬಿಸುತ್ತದೆ. ಮೊದಲ ದಿನಗಳ ನೈಟ್ರೈಟ್ ಮತ್ತು ನೈಟ್ರಿಕ್ ಆಕ್ಸೈಡ್ ಅದನ್ನು ತಲೆಯೆತ್ತಗೊಡುವುದಿಲ್ಲ. ನೈಟ್ರೇಟ್ ಸ್ವಲ್ಪವೂ ಇಲ್ಲದ ಹುಲ್ಲಿನ ರಸಮೇವು ಬ್ಯುಟಿರಿಕ್ ನಾತಕ್ಕೆ ಹೆಚ್ಚು ಸಿಗುತ್ತದೆಂದು ಯುರೋಪಿನ ಮೇವು ತಜ್ಞರು ಗಮನಿಸಿದ್ದಾರೆ. ಡಚ್ಚರ ಗೌಡಾ ಚೀಸಿನಲ್ಲೂ ಇದೇ ಉಪಾಯವಿದೆ: 100 ಲೀಟರ್ ಹಾಲಿಗೆ 15 ಗ್ರಾಂ ಆಸುಪಾಸು ನೈಟ್ರೇಟ್ ಹಾಕುತ್ತಾರೆ, ಹಾಲಿನಲ್ಲೇ ಇರುವ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ನೈಟ್ರೈಟ್ ಮಾಡಿ ಕ್ಲಾಸ್ಟ್ರಿಡಿಯಂ ಬೀಜಕಗಳನ್ನು ಅದುಮಿಡುತ್ತದೆ. ಪೆಟ್ಲುಪ್ಪಿನಲ್ಲಿ ಹದಮಾಡಿದ ಮಾಂಸದ ಕೆಂಪು ಬಣ್ಣದ ಗುಟ್ಟೂ ಇಲ್ಲಿಯೇ. 1891ರಲ್ಲಿ ಜರ್ಮನಿಯ ಪೊಲೆನ್ಸ್ಕೆ ಉಪ್ಪುನೀರಿನಲ್ಲಿ ನೈಟ್ರೇಟಿನಿಂದ ನೈಟ್ರೈಟ್ ಹುಟ್ಟಿದ್ದನ್ನು ಕಂಡರು. 1901ರಲ್ಲಿ ಬ್ರಿಟನ್ನಿನ ಹಾಲ್ಡೇನ್ ಆ ಬಣ್ಣ ನೈಟ್ರಿಕ್ ಆಕ್ಸೈಡ್ ಅಂಟಿದ ರಕ್ತವರ್ಣಕದ್ದು ಎಂದು ಬಿಡಿಸಿದರು.

ಗುಂಡಿಯ ಅನಿಲದ ಬಗ್ಗೆ ಎರಡು ಮಾತು ಕಡ್ಡಾಯ. ಹೊರಬಿದ್ದ ನೈಟ್ರಿಕ್ ಆಕ್ಸೈಡ್ ಗಾಳಿ ತಾಗಿದೊಡನೆ ಕಂದು ಹಳದಿಯ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಬ್ಲೀಚಿಂಗ್ ಪುಡಿಯಂಥ ಘಾಟು, ಗಾಳಿಗಿಂತ ಭಾರ, ತಗ್ಗಿನಲ್ಲಿ ತಂಗುತ್ತದೆ. ಅಮೆರಿಕದ ಎತ್ತರದ ಮೇವುಗೋಪುರಗಳಿಗೆ ಇಳಿದ ಕೂಲಿಗಳ ಪುಪ್ಪುಸ ಸುಟ್ಟದ್ದನ್ನು ಲೋರಿ ಮತ್ತು ಶೂಮನ್ ಎಂಬ ವೈದ್ಯರು 1956ರಲ್ಲಿ ಒಂದು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು. ಬೆಳಗಾವಿ ಸೀಮೆಯ ತೆರೆದ ಗುಂಡಿಗಳಲ್ಲಿ ಅಷ್ಟು ಅಪಾಯವಿಲ್ಲ. ಆದರೂ ತುಂಬಿದ ಮೊದಲ ಮೂರು ವಾರ ಪ್ಲಾಸ್ಟಿಕ್ ಅಂಚಿನಿಂದ ಕಂದು ಹೊಗೆ ಸುಳಿದರೆ ಮಕ್ಕಳನ್ನೂ ಕರುಗಳನ್ನೂ ಆ ಕಡೆ ಬಿಡಬಾರದು.

ಗುಂಡಿಯಲ್ಲಿ ನಡೆಯುವುದೇ ಚೀನಾದ ಪಾವ್‌ಚಾಯ್ ಜಾಡಿಯಲ್ಲೂ ನಡೆಯುತ್ತದೆ. ಅಲ್ಲಿಯವರು ಅದನ್ನು ತಿನ್ನುತ್ತಾರಾದ್ದರಿಂದ ಅಳೆದಿದ್ದಾರೆ. ಉಪ್ಪುನೀರಿಗೆ ಹಾಕಿದ ಎಲೆಕೋಸು, ಮೂಲಂಗಿಯಲ್ಲಿ ನೈಟ್ರೈಟ್ ಮೊದಲ ವಾರದೊಳಗೆ ಒಂದು ಶಿಖರ ಮುಟ್ಟಿ, ಆಮೇಲೆ ಇಳಿಯುತ್ತದೆ. ಬಿಸಿಲ ದಿನಗಳಲ್ಲಿ, ಉಪ್ಪು ಕಡಿಮೆಯಿದ್ದಾಗ ಶಿಖರ ಬೇಗ ಬಂದು ಬೇಗ ಇಳಿದರೆ, ಉಪ್ಪು ಹೆಚ್ಚಿದಲ್ಲಿ ತಡವಾಗುತ್ತದೆ. ಜಾಡಿ ಕಟ್ಟಿ 20 ದಿನ ಆಗುವ ತನಕ ಮುಟ್ಟಬೇಡಿ ಎಂಬುದು ಅಲ್ಲಿಯ ಮನೆಮಾತು. ಉಪ್ಪಿನಲ್ಲಿಟ್ಟ ತರಕಾರಿಗೆ ಸರ್ಕಾರದ ಮಿತಿ ಕಿಲೋಗೆ 20 ಮಿಲಿಗ್ರಾಂ ನೈಟ್ರೈಟ್. ಹಳೆಯ ಜಾಡಿಯ ಉಪ್ಪುನೀರನ್ನು ಹೊಸದಕ್ಕೆ ಸುರಿದರೆ, ಇಲ್ಲವೇ ಪ್ಲಾಂಟಾರಂ ತಳಿಯನ್ನು ಬೆರೆಸಿದರೆ ಶಿಖರವೇ ಕುಗ್ಗುತ್ತದೆ. ಹಾಲಿಗೆ ಹೆಪ್ಪು ಹಾಕುವ ಜಾಣತನವೇ ಅದು: ಮೊದಲ ದಿನವೇ ಹುಳಿಯ ಬಳಗಕ್ಕೆ ಬಹುಮತ ಒದಗಿಸುವುದು. ರಸಮೇವಿಗೆ ಬೆರೆಸಲು ಅಂಗಡಿಯಲ್ಲಿ ಸಿಗುವ ಹೆಪ್ಪಿನ ಪೊಟ್ಟಣಗಳಲ್ಲೂ ಬಹಳಷ್ಟು ಸಲ ಇರುವುದು ಇದೇ ಪ್ಲಾಂಟಾರಂ.

ಗಡಿಗೆಗೆ ಬಂದರೆ ಚಿತ್ರ ಬದಲಾಗುತ್ತದೆ. ಜೋಳದ ಹಿಟ್ಟನ್ನು ನೀರಲ್ಲಿ ಕದಡಿ ರಾತ್ರಿಯಿಡೀ ಹುಳಿಗಿಟ್ಟು ಕಾಸಿದ ಅಂಬಲಿಯಲ್ಲಿ ಹಿಟ್ಟಿನಿಂದ ಬರುವ ನೈಟ್ರೇಟ್ ನಗಣ್ಯ. ಕಾಳು ಅದನ್ನು ಕೂಡಿಡುವುದಿಲ್ಲ. ರಂಜಕ ಎಂಬ ಕೆಂಪು ಚಟ್ನಿಗೆ ಅರೆಯುವ ಮೆಣಸಿನಕಾಯಿ ಹಣ್ಣಿನ ಜಾತಿ. ಹಣ್ಣು, ಕಾಯಿಗಳಲ್ಲಿ ನೈಟ್ರೇಟ್ ಕಡಿಮೆ. ಒಂದು ಕಿಲೋ ಪಾಲಕಿನಲ್ಲಿ 1000ದಿಂದ 3000 ಮಿಲಿಗ್ರಾಂ ಇದ್ದರೆ ಬದನೆ, ಟೊಮೆಟೊಗಳಲ್ಲಿ ನೂರರ ಲೆಕ್ಕ, ಇಲ್ಲವೇ ಅದಕ್ಕೂ ಕಡಿಮೆ. ಹೀಗೆ ಈ ಸೀಮೆಯ ಅಡುಗೆ ಯಾರೂ ಯೋಜಿಸದೆಯೇ ಒಂದು ಗೆರೆ ಎಳೆದುಕೊಂಡಿದೆ: ನೈಟ್ರೇಟ್ ತುಂಬಿದ ಎಲೆ ತಾಜಾ, ನೈಟ್ರೇಟ್ ಇಲ್ಲದ ಕಾಳು, ಕಾಯಿ, ಹಾಲು ಹುಳಿಗೆ. ಇದರಲ್ಲಿ ಪೂರ್ವಜರ ರಸಾಯನಜ್ಞಾನ ಹುಡುಕುವುದು ಬೇಡ. ಬಯಲುನಾಡಿನ ಬಿಸಿಲಿಗೆ ಸೊಪ್ಪು ಸಂಜೆಯೊಳಗೆ ಬಾಡುತ್ತದೆ, ಜೋಳ ವರ್ಷವಿಡೀ ಹಗೇವಿನಲ್ಲಿರುತ್ತದೆ. ಕಾರಣ ಇಷ್ಟೇ ಇದ್ದೀತು.

ರಂಜಕದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸಂಕೇಶ್ವರದ ಹೆಸರು ಹೊತ್ತು ದೂರದ ಪೇಟೆಗೆ ಹೋಗುವುದು ಒಣಮೆಣಸಿನಕಾಯಿ. ರಂಜಕಕ್ಕೆ ಬೇಕಾದದ್ದು ಗಿಡದಲ್ಲೇ ಕೆಂಪಾದ ಹಸಿಕಾಯಿ, ಬಳ್ಳೊಳ್ಳಿ, ಉಪ್ಪು, ನಿಂಬೆಹುಳಿ. ಹಸಿ ಕೆಂಪು ಮೆಣಸಿನಕಾಯಿಯಲ್ಲಿ ಸಿ ಜೀವಸತ್ವ ಧಾರಾಳ. ಹಂಗೇರಿಯ ಸೆಗೆಡ್ ಊರಿನಲ್ಲಿ ಸೆಂಟ್ ಜ್ಯೋರ್ಜಿ ಆ ಜೀವಸತ್ವವನ್ನು ಕಿಲೋಗಟ್ಟಲೆ ತೆಗೆದದ್ದು ಇದೇ ಕುಲದ ಪಾಪ್ರಿಕಾದಿಂದ; 1937ರ ನೊಬೆಲ್ ಅವರಿಗೆ ಸಂದಿತು. ನೈಟ್ರೈಟಿನ ಕತೆಯಲ್ಲಿ ಸಿ ಜೀವಸತ್ವಕ್ಕೆ ಕಾವಲುಗಾರನ ಪಾತ್ರ. ಆಮ್ಲದ ಸನ್ನಿಧಿಯಲ್ಲಿ ನೈಟ್ರೈಟ್ ಅಮೀನುಗಳ ಜೊತೆ ಕೂಡಿದರೆ ನೈಟ್ರೊಸಮೀನ್ ಹುಟ್ಟುತ್ತದೆ. ಅದರಲ್ಲೊಂದು ಇಲಿಗಳ ಯಕೃತ್ತಿನಲ್ಲಿ ಕ್ಯಾನ್ಸರ್ ತರುತ್ತದೆಂದು ಬ್ರಿಟನ್ನಿನ ಮ್ಯಾಗೀ ಮತ್ತು ಬಾರ್ನ್ಸ್ 1956ರಲ್ಲಿ ತೋರಿಸಿದ್ದರು. 1960ರ ದಶಕದ ನಾರ್ವೆಯಲ್ಲಿ ನೈಟ್ರೈಟ್ ಹಾಕಿ ಕಾಪಿಟ್ಟ ಹೆರಿಂಗ್ ಮೀನಿನ ಹಿಟ್ಟು ತಿಂದ ಸಾಕುಪ್ರಾಣಿಗಳು ಯಕೃತ್ತು ಕೆಟ್ಟು ಸತ್ತಾಗ ಸಿಕ್ಕಿಬಿದ್ದದ್ದೂ ಅದೇ. ಸಿ ಜೀವಸತ್ವ ಮುಂದೆ ಬಂದು ನೈಟ್ರೈಟನ್ನು ತಾನೇ ಹಿಡಿದುಕೊಂಡು ಈ ಕೂಡಿಕೆಯನ್ನು ತಪ್ಪಿಸುತ್ತದೆ ಎಂದು ಮಿರ್ವಿಷ್ ತಂಡ 1972ರಲ್ಲಿ ಸಾಬೀತುಮಾಡಿತು. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೆಲ್ಲ ಸಾಧುಗಳೆಂದು ತಿಳಿಯಬೇಕಿಲ್ಲ. ಕೆಲವು ತಳಿಗಳು ಟೈರಮೀನ್, ಹಿಸ್ಟಮೀನ್‌ಗಳಂಥ ಅಮೀನುಗಳನ್ನು ತಾವೇ ತಯಾರಿಸುತ್ತವೆ. ಹೆಪ್ಪಿನ ತಳಿ ಆರಿಸುವವರು ಮೊದಲು ನೋಡುವ ಅಂಶಗಳಲ್ಲಿ ಅದೂ ಒಂದು.

ಹಾಗಾದರೆ ಸೊಪ್ಪು ಅಪಾಯವೇ? ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ದಿನಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 3.7 ಮಿಲಿಗ್ರಾಂ ನೈಟ್ರೇಟ್ ಎಂದು ಮಿತಿ ಹಾಕಿದೆ. 60 ಕಿಲೋ ತೂಕದವರಿಗೆ 222 ಮಿಲಿಗ್ರಾಂ. ಕಸುವಾದ ಪಾಲಕಿನ 100 ಗ್ರಾಂನಲ್ಲೇ ಅದು ದಾಟಿಹೋಗಬಹುದು. ಆದರೂ ತರಕಾರಿಯ ಲಾಭ ಆ ಅಳುಕಿಗಿಂತ ದೊಡ್ಡದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ತೀರ್ಪಿತ್ತಿತು. ತಿಂದ ನೈಟ್ರೇಟಿನಲ್ಲಿ ಸುಮಾರು ಕಾಲು ಭಾಗ ರಕ್ತದಿಂದ ಜೊಲ್ಲಿಗೆ ಬರುತ್ತದೆ, ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾಗಳು ಅದರಲ್ಲಿ ಸ್ವಲ್ಪವನ್ನು ನೈಟ್ರೈಟ್ ಮಾಡುತ್ತವೆ, ನುಂಗಿದ ಮೇಲೆ ಅದು ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಆ ಪುಟ್ಟ ಅಣುವಿನ ಮಹಿಮೆಗೆ 1998ರಲ್ಲಿ ಮೂವರಿಗೆ ನೊಬೆಲ್ ಸಿಕ್ಕಿತು. ತೊಂದರೆ ಬರುವುದು ಬೇಯಿಸಿದ ಸೊಪ್ಪಿನ ಪಲ್ಲೆಯನ್ನು ರಾತ್ರಿಯಿಡೀ ಹೊರಗಿಟ್ಟು ಮರುದಿನ ಕೂಸಿಗೆ ತಿನ್ನಿಸಿದಾಗ. ಬೇಯಿಸಿದಾಗ ಹುಳಿಯ ಬಳಗವೂ ಸತ್ತಿರುತ್ತದೆ, ಗಾಳಿಯಿಂದ ಬಿದ್ದದ್ದು, ಚಮಚದಿಂದ ಬಂದದ್ದು ಮಾತ್ರ ಬೆಳೆಯುತ್ತದೆ. ಜರ್ಮನಿಯಲ್ಲಿ 1960ರ ದಶಕದಲ್ಲಿ ಹೀಗಿಟ್ಟ ಪಾಲಕಿನ ತಿಳಿ ಉಂಡ ಶಿಶುಗಳು ನೀಲಿಗಟ್ಟಿದ ವರದಿಗಳಿವೆ. ಮೊಸರಿನಲ್ಲಿ ಕಲಸಿದ ಮೂಲಂಗಿ ಪಚಡಿ ಈ ವಿಷಯದಲ್ಲಿ ಪಲ್ಲೆಗಿಂತ ವಾಸಿ. ಮೊಸರಿನ ಹುಳಿ ನೈಟ್ರೇಟ್ ಒಡೆಯುವವರಿಗೆ ಒಗ್ಗುವುದಿಲ್ಲ.

ಕೊನೆಗೆ ಉಳಿಯುವುದು ನೀರು. ಕೇಂದ್ರ ಅಂತರ್ಜಲ ಮಂಡಳಿ 2024ರ ಕೊನೆಗೆ ಹೊರತಂದ ವರದಿಯಂತೆ ದೇಶದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು ಐದರಲ್ಲೊಂದು ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟಿನ ಮಿತಿ ಮೀರಿವೆ. ಕರ್ನಾಟಕದಲ್ಲಿ ಮೀರಿದವು ಅರ್ಧದ ಹತ್ತಿರ. ಕಾಲುವೆ, ಕಬ್ಬು, ಕೊಟ್ಟಿಗೆ ಮೂರೂ ಒತ್ತಾಗಿರುವ ಊರುಗಳಲ್ಲಿ ಬಾವಿ, ಬೋರುಗಳನ್ನು ಪರೀಕ್ಷಿಸದೆ ನಂಬುವಂತಿಲ್ಲ. ಇಂಥ ನೀರಿನಲ್ಲಿ ಕದಡಿದ ಅಂಬಲಿಯ ಹುಳಿ ಆ ನೈಟ್ರೇಟನ್ನು ತೆಗೆಯುವುದಿಲ್ಲ. ಹೀಮ್ ಇಲ್ಲದ ಹಿಟ್ಟಿನಲ್ಲಿ ಪ್ಲಾಂಟಾರಂ ಕೂಡ ಕೈಕಟ್ಟಿ ಕೂರುತ್ತದೆ. ಮಜ್ಜಿಗೆಗೆ ಬೆರೆಸಿದರೂ ಅಷ್ಟೆ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆ, ಮರಳು, ಇದ್ದಿಲಿನ ಸೋಸುವಿಕೆಯನ್ನೂ ಅದು ದಾಟುತ್ತದೆ, ಆರ್‌ಓ ಯಂತ್ರದಲ್ಲಿ ಮಾತ್ರ ಬಹುಪಾಲು ಸಿಕ್ಕಿಬೀಳುತ್ತದೆ. ದೊಡ್ಡವರು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತಾರೆ. ಅಮೆರಿಕದ ಅಯೋವಾದಲ್ಲಿ 1945ರಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಬಾವಿನೀರಿನಲ್ಲಿ ಹಾಲು ಕದಡಿ ಕುಡಿಸಿದ ಶಿಶುಗಳು ನೀಲಿಗಟ್ಟಿದ್ದನ್ನು ಬರೆದಿಟ್ಟ ಮೇಲೆ ಲೋಕದ ನೀರಿನ ಮಿತಿಗಳೆಲ್ಲ ಹಸುಗೂಸನ್ನು ಮುಂದಿಟ್ಟುಕೊಂಡೇ ರೂಪುಗೊಂಡವು. ಆರು ತಿಂಗಳೊಳಗಿನ ಕೂಸಿನ ರಕ್ತದಲ್ಲಿ ಕೆಟ್ಟ ಹಿಮೋಗ್ಲೋಬಿನ್ನನ್ನು ಸರಿಪಡಿಸುವ ಕಿಣ್ವ ದೊಡ್ಡವರ ಅರ್ಧದಷ್ಟು, ಹೊಟ್ಟೆಯ ಹುಳಿಯೂ ಕಡಿಮೆ. ಅದರ ಮೇಲೆ ಭೇದಿ ಹಿಡಿದರೆ ದೇಹವೇ ನೈಟ್ರೈಟ್ ಹೆಚ್ಚಿಸಿಕೊಳ್ಳುತ್ತದೆ. ತಾಯಿ ಇಂಥ ನೀರು ಕುಡಿದರೂ ಎದೆಹಾಲಿಗೆ ನೈಟ್ರೇಟ್ ಹೆಚ್ಚು ಇಳಿಯುವುದಿಲ್ಲ. ಹಾಲಿನ ಪುಡಿ ಕದಡುವ ಮನೆಯವರು ಮಾತ್ರ ಬೋರಿನ ನೀರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು, ಫಲಿತಾಂಶದಲ್ಲಿ ನೈಟ್ರೇಟ್ ಎಂದು ಬರೆದ ಸಾಲಿನ ಎದುರು 45 ದಾಟಿದೆಯೇ ನೋಡಬೇಕು, ದಾಟಿದ್ದರೆ ಕೂಸಿನ ಬಟ್ಟಲಿಗೆ ಬೇರೆ ನೀರು ತರಬೇಕು.